ತಮ್ಮನ ತಿಥಿ, ಒಂದು ಬಾಟಲಿ ರಕ್ತ

(ನಾಗಮಂಗಲದ ರಕ್ತದಾನ ಶಿಬಿರವೊಂದರಲ್ಲಿ ಆಡಿದ ಮಾತು. ಆ ವಾರದ ಕಾರ್ಯಕ್ರಮದಲ್ಲಿ ಪೂರ್ತಿಯಾಗಿ ಪ್ರಸಾರವಾಯಿತು.)



ಬೆಳಗ್ಗೆ ಬಸ್ ಸ್ಟ್ಯಾಂಡ್ ಹತ್ರ ಟೀ ಕುಡೀತಾ ನಿಂತಿದ್ದೆ. ಒಬ್ಬರು ಯಜಮಾನ್ರು ಬಂದು ಮುಖವನ್ನೇ ನೋಡಿದ್ರು. "ನೀವು ಟಿವೀಲಿ ಬರೋರಲ್ವಾ? ರಾತ್ರಿ ಒಂಬತ್ಗಂಟೆಗೆ ಎಲ್ರುನ್ನೂ ಬಯ್ತೀರಲ್ಲ?" ಅಂದ್ರು. ಹೌದು ಯಜಮಾನ್ರೇ, ಅದೇ ನಾನು ಅಂದೆ. "ಊರಿಗೆ ಯಾರ್ನ ಬಯ್ಯಾಕ್ ಬಂದ್ರಿ?" ಅಂತ ಕೇಳಿದ್ರು. ನಕ್ಕು ಸುಮ್ಮನಾದೆ. ಉತ್ತರ ಈಗ ಕೊಡ್ತೀನಿ. ಇವತ್ತು ನಾನು ಬಯ್ಯೋಕೆ ಬಂದಿರೋದು ಒಬ್ಬನನ್ನೇ. ಆ ಮನುಷ್ಯ ಈಗ ಈ ಮೈಕಿನ ಮುಂದೆ ನಿಂತಿದ್ದಾನೆ.

ಈ ಶಿಬಿರ ನಡೆಯೋದು ನನ್ನ ತಮ್ಮನ ನೆನಪಿಗೆ. 1998ರಿಂದ, ಕೋವಿಡ್ ಕಾಲ ಬಿಟ್ಟರೆ, ಒಂದು ವರ್ಷವೂ ನಿಂತಿಲ್ಲ. ಇದನ್ನು ಶುರು ಮಾಡಿದ್ದು ನಾನಲ್ಲ, ನಮ್ಮಕ್ಕ. ಮೇಷ್ಟ್ರ ಕೆಲಸ ಮಾಡ್ಕೊಂಡು, ಮನೆ ಮಕ್ಕಳು ನೋಡ್ಕೊಂಡು ನಡೆಸ್ಕೊಂಡು ಬಂದವರು ಅವರು. ಟಿವೀಲಿ ಮುಖ ಕಾಣುತ್ತೆ ಅನ್ನೋ ಒಂದೇ ಕಾರಣಕ್ಕೆ ಪ್ರತಿ ವರ್ಷ ಹಾರ ಬೀಳೋದು ನನಗೆ. ಈ ಸಲ ಹಾರ ಬೇಡ ಅಂದೆ. ಯಾಕೆ ಬೇಡ ಅಂದೆ ಅನ್ನೋದು ಇವತ್ತಿನ ವಿಷಯ.

ಮೊದಲು ಒಂದು ಹಳೇ ಕಥೆ ಹೇಳ್ತೀನಿ. ಮಂಡ್ಯ ಜಿಲ್ಲೆಯವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಯಾರು ಅಂತ ಹೇಳಬೇಕಿಲ್ಲ. ದೇವರ ಪಟದ ಪಕ್ಕ ಅವರ ಪಟ ಇಡೋ ಮನೆಗಳು ನಮ್ಮವು. ಕನ್ನಂಬಾಡಿ ಕಟ್ಟೆ ಕಟ್ಟಿಸಿದವರು, ನಾಲೆಗೆ ನೀರು ಹರಿಸಿದವರು, ಅಷ್ಟು ನಮಗೆ ಗೊತ್ತು. ಆದ್ರೆ ಆ ಮಹಾರಾಜರ ಮನೇಲೂ ಒಂದು ಸಾವು ಆಯ್ತು. ಅವರ ಒಡಹುಟ್ಟಿದ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಆಕೆ ಒಬ್ಬರೇ ಅಲ್ಲ, ಆಕೆಯ ಹೆಣ್ಣುಮಕ್ಕಳನ್ನೂ ಅದೇ ಕಾಯಿಲೆ ತೆಗೆದುಕೊಂಡು ಹೋಯಿತು.

ಯೋಚನೆ ಮಾಡಿ. ಖಜಾನೆ ಇದೆ. ಅರಮನೆ ವೈದ್ಯರಿದ್ದಾರೆ. ಕರೆದರೆ ಇಂಗ್ಲೆಂಡಿನಿಂದಲೂ ಡಾಕ್ಟರು ಬರ್ತಾರೆ. ಆದರೆ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ರೋಗಾಣು ಯಾವುದು ಅಂತ ರಾಬರ್ಟ್ ಕಾಕ್ 1882ರಲ್ಲೇ ಕಂಡುಹಿಡಿದಿದ್ದ. ಅದನ್ನು ಕೊಲ್ಲೋ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ. ನಡುವೆ ಅರವತ್ತೊಂದು ವರ್ಷ ರಾಜನೂ ಒಂದೇ, ಕೂಲಿಯವನೂ ಒಂದೇ. ಗಾಳಿ, ಬಿಸಿಲು, ಒಳ್ಳೆ ಊಟ, ವಿಶ್ರಾಂತಿ. ಇಷ್ಟೇ ಚಿಕಿತ್ಸೆ. ಇದೆಲ್ಲ ಅನುಕೂಲಸ್ಥರಿಗೆ ಸಿಗ್ತಿತ್ತು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗೋ ಮನೆಯಲ್ಲಿ ಗಾಳಿ ಎಲ್ಲಿಂದ ಬರಬೇಕು?

ಮಹಾರಾಜರು ಏನು ಮಾಡಿದರು? ಸಹೋದರಿಯ ಹೆಸರಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳಿಗೆ ಒಂದು ಆಸ್ಪತ್ರೆಯನ್ನೇ ಕಟ್ಟಿಸಿದರು. 1921ರಲ್ಲಿ ಶುರುವಾದ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ. ಜನರ ಬಾಯಲ್ಲಿ ಪಿಕೆಟಿಬಿ. ಕೆಆರ್‌ಎಸ್ ರಸ್ತೆಯಲ್ಲಿ ಹೋದವರು ನೋಡಿರ್ತೀರಿ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಈಗಿನ ಕಟ್ಟಡಕ್ಕೆ ಜಾಗ ಸಿಕ್ಕಿದ್ದು ಅದೇ ಆವರಣದಲ್ಲಿ. ಇವತ್ತು ಎದೆನೋವು ಅಂತ ನಾಗಮಂಗಲದಿಂದ, ಪಾಂಡವಪುರದಿಂದ ಅಲ್ಲಿಗೆ ಓಡ್ತೀವಲ್ಲ, ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ತನ್ನ ಒಡಹುಟ್ಟಿದವಳಿಗಾಗಿ ಪಟ್ಟ ದುಃಖದ ಜಾಗದಲ್ಲಿ ನಾವು ನಿಂತಿರ್ತೀವಿ. ಆಕೆಯನ್ನು ಉಳಿಸೋಕೆ ಆಗಲಿಲ್ಲ. ಆದರೆ ಆಕೆಗೆ ಬಂದ ಕಾಯಿಲೆ ಇನ್ನೊಬ್ಬರ ಮನೆಗೆ ಬಂದಾಗ ಹೋಗೋಕೆ ಒಂದು ಬಾಗಿಲು ಇರಲಿ ಅಂದ್ಕೊಂಡ್ರು.

"ಅವರು ರಾಜರು ಸ್ವಾಮಿ, ಅವರಿಗೆ ನಡೀತು" ಅಂತ ನೀವು ಹೇಳಬಹುದು. ಸರಿ, ರಾಜರಲ್ಲದ ಒಂದು ಮನೆಗೆ ಬರೋಣ.

2021ರ ಜೂನ್ 12, ರಾತ್ರಿ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಬೈಕ್ ಅಪಘಾತ. ಹಿಂದೆ ಕೂತಿದ್ದವರು ಸಂಚಾರಿ ವಿಜಯ್. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದ ನಟ, ಕಡೂರು ತಾಲ್ಲೂಕಿನ ಪಂಚನಹಳ್ಳಿ ಹುಡುಗ. ಆ ಕೋವಿಡ್ ದಿನಗಳಲ್ಲಿ ಆಕ್ಸಿಜನ್ ಒದಗಿಸೋ ಕೆಲಸದಲ್ಲಿ ಓಡಾಡ್ತಿದ್ದವರು. ಹೆಲ್ಮೆಟ್ ಇರಲಿಲ್ಲ, ತಲೆಗೆ ಪೆಟ್ಟಾಯಿತು. ಜೂನ್ 14ಕ್ಕೆ ಮೆದುಳು ಕೆಲಸ ನಿಲ್ಲಿಸಿದೆ ಅಂದ್ರು ಡಾಕ್ಟರು. ಎದೆ ಇನ್ನೂ ಬಡೀತಿದೆ, ಮೈ ಬೆಚ್ಚಗಿದೆ, ಉಸಿರಾಟದ ಯಂತ್ರ ನಡೀತಿದೆ. ಆ ಹೊತ್ತಲ್ಲಿ ಸಹೋದರ ಸಿದ್ದೇಶ್ ಅವರ ಮುಂದೆ ಒಂದು ಪ್ರಶ್ನೆ ಬಂತು. ಅಂಗಾಂಗ ದಾನ ಮಾಡ್ತೀರಾ?

ಸ್ಟುಡಿಯೋದಲ್ಲಿ ಕೂತು ನಾವು 'ಮಾನವೀಯತೆ ಮೆರೆದ ಕುಟುಂಬ' ಅಂತ ಒಂದು ಪಟ್ಟಿ ಓಡಿಸಿದ್ವಿ. ಆ ಕಾರಿಡಾರಿನಲ್ಲಿ ನಿಂತವನ ಕಾಲು ಹೇಗೆ ನಡುಗುತ್ತೆ ಅಂತ ನನಗೆ ಗೊತ್ತು. ಅವರು ಒಪ್ಪಿದರು. ಸಮಾಜಕ್ಕೆ ಏನಾದರೂ ಮಾಡಬೇಕು ಅಂತಲೇ ಓಡಾಡ್ತಿದ್ದವನು, ಹೀಗೆ ಮಾಡೋದೇ ಸರಿ ಅನ್ನೋದು ಅವರ ನಿಲುವು. ಮೂತ್ರಪಿಂಡ, ಯಕೃತ್ತು, ಹೃದಯದ ಕವಾಟ, ಕಣ್ಣು ಇಷ್ಟೂ ಬೇರೆಯವರ ಪಾಲಾಯಿತು. ಜೂನ್ 14 ವಿಶ್ವ ರಕ್ತದಾನಿಗಳ ದಿನ ಕೂಡ. ಅವತ್ತು ಬೆಳಗಿನ ಬುಲೆಟಿನ್‌ನಲ್ಲಿ ನಾನು ರಕ್ತದಾನದ ಬಗ್ಗೆ ಎರಡು ನಿಮಿಷ ಮಾತಾಡಿದ್ದೆ. ಮಾತಾಡಿ ಮೇಕಪ್ ರೂಮಿಗೆ ಹೋಗಿ ಕನ್ನಡಿ ನೋಡೋಕೆ ಆಗಲಿಲ್ಲ.

ಯಾಕೆ ಅಂತ ಹೇಳ್ತೀನಿ.

1997ರ ಆಗಸ್ಟ್. ನಾನು ಬೆಂಗಳೂರಿನಲ್ಲಿ ಒಂದು ಪತ್ರಿಕೆಯಲ್ಲಿ ಟ್ರೈನಿ, ರಜೆ ಹಾಕಿ ಊರಿಗೆ ಬಂದಿದ್ದೆ. ತಮ್ಮನಿಗೆ 21. ಬಿ.ಕಾಂ ಮುಗಿಸಿ ಇದೇ ನಾಗಮಂಗಲದಲ್ಲಿ ಗೊಬ್ಬರದ ಅಂಗಡೀಲಿ ಲೆಕ್ಕ ಬರೀತಿದ್ದ. ರಾತ್ರಿ ಅಂಗಡಿ ಬಾಗಿಲು ಹಾಕ್ಕೊಂಡು ಟಿವಿಎಸ್‌ನಲ್ಲಿ ಊರಿಗೆ ಬರ್ತಿದ್ದ. ದಾರೀಲಿ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರೈಲರಿಗೆ ಹಿಂದೆ ಲೈಟಿಲ್ಲ, ಒಂದು ಕೆಂಪು ಬಟ್ಟೆ ಕೂಡ ಕಟ್ಟಿಲ್ಲ. ಹಿಂದಿನಿಂದ ಹೋಗಿ ಗುದ್ದಿದ.

ಬಿದ್ದವನು ಎದ್ದು ಕೂತಿದ್ದ. ನೀರು ಕೇಳಿದ್ನಂತೆ. ಮೈಮೇಲೆ ದೊಡ್ಡ ಗಾಯ ಇಲ್ಲ. ಸುತ್ತ ಜನ ಸೇರಿದ್ರು, ಆದ್ರೆ ಮುಟ್ಟೋಕೆ ಭಯ. ಪೊಲೀಸು, ಕೋರ್ಟು, ಸಾಕ್ಷಿ ಅಂತ ಅಲೀಬೇಕಾಗುತ್ತೆ ಅನ್ನೋ ಭಯ. ಅವರನ್ನು ನಾನು ಬಯ್ಯಲ್ಲ, ಆಗಿನ ಕಾಲ ಹಾಗಿತ್ತು. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದಿದ್ದು 2008ರ ನವೆಂಬರ್ ಒಂದಕ್ಕೆ. ಆಗ ಫೋನ್ ಮಾಡೋಣ ಅಂದ್ರೆ ಯಾರಿಗೆ ಮಾಡೋದು? ಮುಕ್ಕಾಲು ಗಂಟೆ ಹಾಗೇ ಹೋಯಿತು. ಕೊನೆಗೆ ಒಬ್ಬ ಎಳನೀರು ಟೆಂಪೋದವನು ಕಾಯಿ ಸರಿಸಿ ಜಾಗ ಮಾಡಿ ಮಲಗಿಸಿಕೊಂಡ. ದಾರಿಯಲ್ಲಿ ನಮ್ಮನ್ನೂ ಹತ್ತಿಸಿಕೊಂಡ. ಇಲ್ಲಿಂದ ಮೈಸೂರು ಅರವತ್ತು ಚಿಲ್ಲರೆ ಕಿಲೋಮೀಟರು. ಪಾಂಡವಪುರ ದಾಟೋ ಹೊತ್ತಿಗೆ ತಮ್ಮ ಚಳಿ ಚಳಿ ಅಂದ. ಅವ್ವ ಸೆರಗು ಹೊದಿಸಿದಳು. ಆ ಟೆಂಪೋದವನ ಹೆಸರೂ ನಾನು ಕೇಳಲಿಲ್ಲ. ಬಾಡಿಗೆ ಕೊಡೋಕೆ ತಿರುಗಿ ನೋಡಿದ್ರೆ ಹೊರಟುಹೋಗಿದ್ದ.

ಆಸ್ಪತ್ರೆ ಯಾವುದು ಅಂತ ಹೇಳಲ್ಲ, ತಪ್ಪು ಅವರದ್ದಲ್ಲ. ಡಾಕ್ಟರು ನೋಡಿ, ಹೊಟ್ಟೆ ಒಳಗೆ ಸ್ಪ್ಲೀನ್ ಒಡೆದಿದೆ, ಒಳಗೇ ರಕ್ತ ಸೋರ್ತಿದೆ ಅಂದ್ರು. ಆ ಪದ ನಾನು ಅವತ್ತೇ ಮೊದಲು ಕೇಳಿದ್ದು. ತಕ್ಷಣ ಆಪರೇಷನ್ ಆಗಬೇಕು. ಓ ಪಾಸಿಟಿವ್ ನಾಲ್ಕು ಬಾಟಲಿ ಬೇಕು, ನಮ್ಮಲ್ಲಿರೋದು ಎರಡು. ಮನೆಯವರಲ್ಲಿ ಯಾರಾದ್ರೂ ಓ ಪಾಸಿಟಿವ್ ಇದ್ದೀರಾ?

ಅಪ್ಪನಿಗೆ ಸಕ್ಕರೆ ಕಾಯಿಲೆ. ಬಾವನದ್ದು ಬೇರೆ ಗ್ರೂಪು. ಅಕ್ಕ ಕಾರಿಡಾರಿನ ಆ ತುದಿಯಲ್ಲಿ ಅವ್ವನನ್ನು ಹಿಡ್ಕೊಂಡು ಕೂತಿದ್ದಳು. ನನ್ನದು ಓ ಪಾಸಿಟಿವ್.

ನನಗೆ ಚಿಕ್ಕಂದಿನಿಂದ ಸೂಜಿ ಅಂದ್ರೆ ಭಯ. ರಕ್ತ ಕೊಟ್ರೆ ಮೈ ಸೋತುಹೋಗುತ್ತೆ, ಗಂಡಸ್ತನ ಕಡಿಮೆಯಾಗುತ್ತೆ ಅಂತೆಲ್ಲ ಹಾಸ್ಟೆಲಲ್ಲಿ ಕೇಳಿದ್ದೆ. ಬಿ.ಎ. ಓದಿದ್ದೆ, ಪತ್ರಿಕೇಲಿ ಬರೀತಿದ್ದೆ, ಆದ್ರೂ ನಂಬಿದ್ದೆ. ನರ್ಸ್ ನನ್ನ ಕಡೆ ತಿರುಗಿ "ನಿಮ್ದು ಯಾವ ಗ್ರೂಪು?" ಅಂದಾಗ ಬಾಯಿಂದ ಬಂದ ಮಾತು, "ನಂಗೆ ಹೋದ ತಿಂಗಳು ಜಾಂಡೀಸ್ ಆಗಿತ್ತು." ಆಕೆ ತಲೆ ಅಲ್ಲಾಡಿಸಿ ಮುಂದಿನವರ ಕಡೆ ಹೋದಳು.

ಅಷ್ಟೇ. ಒಂದು ವಾಕ್ಯ. ಆಮೇಲೆ ನಾನು ತುಂಬ ಓಡಾಡಿದೆ. ಯಾರು ನೋಡಿದ್ರೂ ಪಾಪ ತಮ್ಮನಿಗಾಗಿ ಎಷ್ಟು ಒದ್ದಾಡ್ತಿದ್ದಾನೆ ಅನ್ನೋ ಹಾಗೆ ಓಡಾಡಿದೆ. ಗೇಟಿನ ಹೊರಗೆ ಟೀ ಅಂಗಡಿ ಹತ್ರ ರಕ್ತ ಮಾರೋರು ಸಿಗ್ತಾರೆ ಅಂತ ಯಾರೋ ಹೇಳಿದ್ರು. ಹೌದು, ಆಗ ಮಾರ್ತಿದ್ರು. ದುಡ್ಡಿಗೆ ರಕ್ತ ಕೊಡೋದನ್ನು ನಿಲ್ಲಿಸಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ಕೊಟ್ಟಿತ್ತು, ಎರಡು ವರ್ಷ ಗಡುವು ಇಟ್ಟಿತ್ತು. ನಿಷೇಧ ಜಾರಿಗೆ ಬಂದಿದ್ದು 1998ರ ಜನವರಿ ಒಂದರಿಂದ. ಇನ್ನೂ ನಾಲ್ಕು ತಿಂಗಳಿತ್ತು. ದಲ್ಲಾಳಿ ಒಬ್ಬನನ್ನು ಎಬ್ಬಿಸಿ ಕರ್ಕೊಂಡು ಬಂದ. ಸಣಕಲು ಮನುಷ್ಯ, ಕೈ ನಡುಗ್ತಿದೆ. ಯಾವಾಗ ಕೊಟ್ಟಿದ್ರಿ ಅಂದ್ರೆ, ಹದಿನೈದು ದಿನ ಆಯ್ತು ಸಾರ್ ಅಂದ. ಚೌಕಾಸಿ ಮಾಡಿದೆ ಸ್ವಾಮಿ. ತಮ್ಮನ ಜೀವಕ್ಕೆ ಬೇಕಾದ ರಕ್ತಕ್ಕೆ, ನನ್ನ ಮೈಯಲ್ಲಿ ಪುಕ್ಕಟೆ ಹರೀತಿದ್ದ ರಕ್ತಕ್ಕೆ, ರೇಟ್ ಮಾತಾಡಿದೆ.

ಪರೀಕ್ಷೆ ಆಗಿ, ಹೊಂದಾಣಿಕೆ ನೋಡಿ, ಬಾಟಲಿ ಬರೋ ಹೊತ್ತಿಗೆ ಬೆಳಗಿನ ಜಾವ. ಐದೂವರೆಗೆ ತಮ್ಮ ಹೋದ.

ನಾನು ಕೊಟ್ಟಿದ್ರೆ ಅವನು ಉಳೀತಿದ್ನಾ? ನನಗೆ ಗೊತ್ತಿಲ್ಲ. ಸ್ಟುಡಿಯೋಗೆ ಬರೋ ಎಷ್ಟೋ ಡಾಕ್ಟರುಗಳನ್ನು ಬ್ರೇಕ್ ಟೈಮಲ್ಲಿ ಕೇಳಿದ್ದೀನಿ. "ನನ್ನ ಸ್ನೇಹಿತನ ತಮ್ಮನಿಗೆ ಹೀಗಾಗಿತ್ತು" ಅಂತ ಹೇಳಿ ಕೇಳಿದ್ದೀನಿ. ಒಬ್ಬರು, ಅಷ್ಟು ತಡವಾಗಿದ್ರೆ ಕಷ್ಟ ಇತ್ತು ಅಂದ್ರು. ಇನ್ನೊಬ್ಬರು, ಬೇಗ ರಕ್ತ ಸಿಕ್ಕಿದ್ರೆ ಹೇಳೋಕಾಗಲ್ಲ ಅಂದ್ರು. ಮೂರನೆಯವರು ನನ್ನ ಮುಖ ನೋಡಿ, "ನಿಮ್ಮ ಸ್ನೇಹಿತರಿಗೆ ಹೇಳಿ, ಇನ್ನು ಇದನ್ನ ಕೇಳೋದು ಬಿಡಿ ಅಂತ" ಅಂದ್ರು. ಆಮೇಲೆ ಕೇಳಿಲ್ಲ.

ನಮ್ಮ ಕಡೆ ಮಾರ್ನೋಮಿಗೆ ಮುಂಚೆ ಹಿರಿಯರಿಗೆ ಎಡೆ ಇಡ್ತೀವಿ. ಅವ್ವ ಅವನ ಎಡೆಗೆ ಮುದ್ದೆ, ಹುರುಳಿಕಾಳು ಬಸ್ಸಾರು, ಕಜ್ಜಾಯ ಇಟ್ಟು ಪಕ್ಕದಲ್ಲಿ ಒಂದು ಹೊಸ ಷರಟು ಇಡೋಳು. ವರ್ಷದ ತಿಥಿಗೆ ಊರಿಗೆಲ್ಲ ಊಟ ಹಾಕಿಸೋಣ ಅಂತ ಅಪ್ಪ ಹೊರಟಾಗ ಅಕ್ಕ ಅಡ್ಡ ಬಂದಳು. ಊಟ ಬೇಡ ಅಂದಳು. ಮೈಸೂರಿಂದ ಬ್ಲಡ್ ಬ್ಯಾಂಕಿನವರನ್ನು ಕರೆಸ್ತೀನಿ, ಬಂದವರು ಬರಲಿ ಅಂದಳು. ಊರಲ್ಲಿ ನಕ್ಕರು. "ಸತ್ತೋನ ತಿಥಿ ದಿನ ಬದುಕಿರೋರ ರಕ್ತ ಹೀರ್ತಾಳಂತೆ ಮೇಡಮ್ಮು" ಅಂದ್ರು. ಮೊದಲ ವರ್ಷ ಹನ್ನೊಂದು ಜನ. ಅದರಲ್ಲಿ ನಾಲ್ವರು ಅವಳ ಶಾಲೆ ಮೇಷ್ಟ್ರುಗಳು, ಒಬ್ಬ ತಮ್ಮನ ಅಂಗಡಿ ಯಜಮಾನ. ನಾನು ಬರಲಿಲ್ಲ, ಡ್ಯೂಟಿ ಇದೆ ಅಂದೆ. ಎರಡನೇ ವರ್ಷವೂ ಡ್ಯೂಟಿ. ಮೂರನೇ ವರ್ಷವೂ ಡ್ಯೂಟಿ.

ನಾಲ್ಕನೇ ವರ್ಷ ಬಂದೆ. ಮಂಚದ ಮೇಲೆ ಮಲಗಿದೆ. ಸೂಜಿ ಚುಚ್ಚಿದ್ರು. ಇರುವೆ ಕಚ್ಚಿದಷ್ಟು ನೋವು. ಕೈಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ರು, ಅದನ್ನ ಒತ್ತುತಾ ಇದ್ದೆ. ಏಳೆಂಟು ನಿಮಿಷ. ಬಿಸ್ಕತ್ತು, ಜ್ಯೂಸು ಕೊಟ್ಟು ಎಬ್ಬಿಸಿದ್ರು. ಇಷ್ಟೇನಾ? ಇಷ್ಟಕ್ಕೇನಾ ನಾನು ಸುಳ್ಳು ಹೇಳಿದ್ದು? ಆ ಪೆಂಡಾಲಿನ ಹಿಂದೆ ಹೋಗಿ ಅತ್ತೆ. ತಮ್ಮನ ನೆನಪಿಗೆ ಅಳ್ತಿದ್ದಾನೆ ಅಂತ ಎಲ್ಲರೂ ಸಮಾಧಾನ ಮಾಡಿದ್ರು.

ಈಗ ಕೆಲಸದ ಮಾತು. ಮೊದಲ ಸಲ ಬಂದ ಹುಡುಗರು ಇದ್ದೀರಿ, ಭಯ ಇರುತ್ತೆ, ಕೇಳಿ. ನಮ್ಮ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇದೆ. ತಗೊಳ್ಳೋದು 350 ಮಿಲಿಲೀಟರ್. 18 ವರ್ಷದಿಂದ 65ರವರೆಗೆ, ತೂಕ 45 ಕೆಜಿ ದಾಟಿದ, ಹಿಮೋಗ್ಲೋಬಿನ್ 12.5 ಇರೋ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಗಂಡಸ್ತನಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಇನ್ನೊಂದು ಮುಖ್ಯ ವಿಷಯ. ರಕ್ತವನ್ನು ಭತ್ತದ ಹಾಗೆ ಕಣಜದಲ್ಲಿ ತುಂಬಿಡೋಕೆ ಆಗಲ್ಲ. ಸಾಮಾನ್ಯ ಚೀಲದಲ್ಲಿ 35 ದಿನ, ಪ್ಲೇಟ್‌ಲೆಟ್ ಆದ್ರೆ ಐದೇ ದಿನ. ಅದಕ್ಕೇ ನಟರ ಹುಟ್ಟುಹಬ್ಬಕ್ಕೆ, ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ಸಾವಿರ ಬಾಟಲಿ ಕೊಟ್ಟು ಆಮೇಲೆ ಮೂರು ತಿಂಗಳು ಸುಮ್ಮನಿದ್ರೆ ಪ್ರಯೋಜನ ಕಡಿಮೆ. ಅಕ್ಕ ಇದನ್ನು ಬೇಗ ಅರ್ಥ ಮಾಡ್ಕೊಂಡಳು. ಅದಕ್ಕೇ ಇಲ್ಲಿ ಒಂದು ನೋಟ್‌ಬುಕ್ ಇದೆ. ಹೆಸರು, ಗ್ರೂಪು, ಫೋನ್ ನಂಬರ್. ಇವತ್ತು ಕೊಡೋಕೆ ಆಗದವರು ಅದರಲ್ಲಿ ಬರೆಸಿ ಹೋಗಿ. ರಾತ್ರಿ ಎರಡು ಗಂಟೆಗೆ ಫೋನ್ ಬಂದ್ರೆ ಎತ್ತಿ.

ರಸ್ತೆಯಲ್ಲಿ ಯಾರಾದ್ರೂ ಬಿದ್ದಿದ್ರೆ ಮುಟ್ಟೋಕೆ ಹೆದರಬೇಡಿ. ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳಿ, ಸಾಕ್ಷಿ ಹೇಳಿ ಅಂತ ಬಲವಂತ ಮಾಡುವ ಹಾಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಸೇರಿಸಿದ್ದಾರೆ. ಹರೀಶ್ ನೆನಪಿದ್ದಾರಾ? 2016ರ ಫೆಬ್ರವರಿ, ನೆಲಮಂಗಲದ ಹತ್ರ ಲಾರಿಗೆ ಸಿಕ್ಕಿ ದೇಹವೇ ಎರಡು ತುಂಡಾದರೂ, ನನ್ನ ಅಂಗಾಂಗ ದಾನ ಮಾಡಿ ಅಂದ ಗುಬ್ಬಿ ತಾಲ್ಲೂಕಿನ ಹುಡುಗ. ಅಪಘಾತ ಆದವರಿಗೆ ಮೊದಲ 48 ಗಂಟೆ ಚಿಕಿತ್ಸೆ ಕೊಡಿಸೋ ಯೋಜನೆಗೆ ಸರ್ಕಾರ ಅವರ ಹೆಸರಿಟ್ಟಿತು.

ನಮ್ಮ ಕಡೆಯವರು ಸತ್ತವರನ್ನು ಮರೆಯೋ ಜನ ಅಲ್ಲ. ಹಳ್ಳಿ ಹಳ್ಳಿಗೂ ವೀರಗಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949ರಲ್ಲಿ ಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ಒಂದು ಬೇಟೆನಾಯಿಗೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟಿದ್ದಾರೆ. ನಾಯಿಯ ಋಣವನ್ನೂ ಇಟ್ಟುಕೊಳ್ಳದ ಜಿಲ್ಲೆ ಇದು. ಈಗ ಮಾತ್ರ ನಮಗೆ ಫ್ಲೆಕ್ಸ್ ಸಾಕಾಗಿದೆ. ತಿಥಿಗೆ ಒಂದು ಫ್ಲೆಕ್ಸ್, ಒಂದು ವಾರಕ್ಕೆ ಮಳೆಗೆ ಹರಿದುಹೋಗುತ್ತೆ. ನಾವು ಟಿವಿಯವರೂ ಹಾಗೇ. 2018ರ ನವೆಂಬರ್ 24ಕ್ಕೆ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಬಿದ್ದು ಶಾಲೆ ಮಕ್ಕಳೂ ಸೇರಿ 30 ಜನ ಹೋದರು. ಅವತ್ತೇ ರಾತ್ರಿ ಅಂಬರೀಶ್ ಅವರೂ ತೀರಿಕೊಂಡರು. ನಮ್ಮ ಕ್ಯಾಮೆರಾ ಎಲ್ಲ ಆ ಕಡೆ ತಿರುಗಿತು. ಅಂಬರೀಶ್ ಅವರಿಗೆ ಆ ಗೌರವ ಸಲ್ಲಬೇಕಾದ್ದೇ. ಆದರೆ ಶಾಲೆಗೆ ಹೋಗಿ ವಾಪಸ್ ಬರದ ತಂಗಿಯ ಬ್ಯಾಗು ಇಟ್ಕೊಂಡು ಕೂತ ಅಣ್ಣಂದಿರು ಆ ಹಳ್ಳಿಗಳಲ್ಲಿ ಇವತ್ತೂ ಇದ್ದಾರೆ. ಅವರನ್ನು ನಾನು ಮತ್ತೆ ಹೋಗಿ ಮಾತಾಡಿಸಲಿಲ್ಲ.

ಕೊನೇ ಮಾತು. ನಿನ್ನೆ ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಕೂತಿದ್ವಿ. ಇಷ್ಟು ವರ್ಷ ಆದ್ಮೇಲೆ ಅಕ್ಕನಿಗೆ ಜಾಂಡೀಸ್ ವಿಷಯ ಹೇಳಿದೆ. ನಾಳೆ ಮೈಕಲ್ಲಿ ಹೇಳ್ಬೇಕು ಅಂತಿದ್ದೀನಿ, ಅದಕ್ಕೆ ಮುಂಚೆ ನಿಂಗೆ ಹೇಳ್ತೀನಿ ಅಂದೆ. ಅವಳು ಅವರೆಕಾಯಿ ಸುಲೀತಿದ್ದಳು, ಕೈ ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತು ಕಣೋ" ಅಂದಳು. "ನರ್ಸಮ್ಮ ಬಂದು, ನಿಮ್ಮ ತಮ್ಮಂಗೆ ಜಾಂಡೀಸ್ ಆಗಿತ್ತಂತಲ್ಲ ಅಂದ್ರು. ನಿಂಗೆ ಯಾವತ್ತೋ ಜಾಂಡೀಸ್ ಆಗಿತ್ತು?"

ಮತ್ಯಾಕೆ ಕೇಳಲಿಲ್ಲ ಅಂದೆ.

"ಒಬ್ಬ ತಮ್ಮ ಹೋಗಿದ್ದ. ಇನ್ನೊಬ್ಬನ್ನೂ ಕಳ್ಕೊಳ್ಳೋದು ಬೇಡ ಅನ್ನಿಸ್ತು" ಅಂದಳು. ಅಷ್ಟು ಹೇಳಿ ಸಿಪ್ಪೆ ಬಾಚ್ಕೊಂಡು ಒಳಗೆ ಹೋದಳು.

ಈ ಶಿಬಿರ ಒಬ್ಬ ತಮ್ಮನ ನೆನಪಿಗೆ ಅಂತ ಬ್ಯಾನರಿನಲ್ಲಿ ಬರೆದಿದೆ. ನಿನ್ನೆ ರಾತ್ರಿ ನನಗೆ ಗೊತ್ತಾಯಿತು, ಅಕ್ಕ ಇಷ್ಟು ವರ್ಷ ಇದನ್ನು ನಡೆಸಿದ್ದು ಇಬ್ಬರು ತಮ್ಮಂದಿರಿಗಾಗಿ. ಒಬ್ಬನ ಹೆಸರು ಉಳಿಯಲಿ ಅಂತ, ಇನ್ನೊಬ್ಬ ಒಂದಲ್ಲ ಒಂದು ದಿನ ಬಂದು ಆ ಮಂಚದ ಮೇಲೆ ಮಲಗಲಿ ಅಂತ.

ನನಗೆ ಈಗ ಐವತ್ತು ದಾಟಿದೆ, ಬಿಪಿ ಮಾತ್ರೆ ಇದೆ. ಒಳಗೆ ಡಾಕ್ಟರು ಚೆಕ್ ಮಾಡಿ ಸರಿ ಅಂದ್ರೆ ಕೊಡ್ತೀನಿ, ಬೇಡ ಅಂದ್ರೆ ಬಿಸ್ಕತ್ತು ಹಂಚ್ತೀನಿ. ನೀವೂ ಬನ್ನಿ. ಬೆಳಗ್ಗೆ ಸಿಕ್ಕಿದ್ದ ಯಜಮಾನ್ರು ಇಲ್ಲೇ ಎಲ್ಲೋ ಇದ್ರೆ, ಯಾರನ್ನ ಬಯ್ದೆ ಅಂತ ಅವರಿಗೂ ಗೊತ್ತಾಗಿರುತ್ತೆ.